ಅಪ್‌ಡೇಟ್: ಪದ್ಮಿನಿಯ ತುಕ್ಕು ಹೋಯಿತು
ಅಪ್ಪನ ಹಳೆಯ ಪ್ರೀಮಿಯರ್ ಪದ್ಮಿನಿ ಕಾರಿನ ಬ್ರಾಕೆಟ್, ಬಾನೆಟ್ ಕೀಲುಗಳ ತುಕ್ಕು ತೆಗೆಯುವುದು ಹೇಗೆಂದು ಕೇಳಿದ್ದೆನಲ್ಲ, ಕೆಲಸ ಮುಗಿಯಿತು. ಫಲ ಕೊಟ್ಟಿದ್ದು ವಾಷಿಂಗ್ ಸೋಡಾ ನೀರಿಗೆ ಹಳೆಯ ಮಾದರಿಯ ಬ್ಯಾಟರಿ ಚಾರ್ಜರ್ ಜೋಡಿಸುವ ಉಪಾಯ: ತುಕ್ಕಿನ ಭಾಗಕ್ಕೆ ಋಣ ತಂತಿ, ಬೇಡವಾದ ಕಬ್ಬಿಣದ ತುಂಡಿಗೆ ಧನ ತಂತಿ. ಧನ ತಂತಿಗೆ ಸ್ಟೇನ್‌ಲೆಸ್ ಸ್ಟೀಲ್ ಮಾತ್ರ ಬೇಡ, ವಿಷಕಾರಿ ಕ್ರೋಮಿಯಂ ನೀರಿಗೆ ಸೇರುತ್ತದೆ. ಹೈಡ್ರೋಜನ್ ಏಳುವುದರಿಂದ ಬಯಲಿನಲ್ಲೇ ಮಾಡಿ.

ಹುಣಸೆ ನೀರು ಮೇಲ್ಪದರವನ್ನಷ್ಟೇ ಸಡಿಲಿಸಿತು. ಕುಳಿಗಳೊಳಗೆ ತುಕ್ಕು ಹಾಗೆಯೇ ಉಳಿಯಿತು. ಅಚ್ಚರಿಯೆಂದರೆ, ತೊಳೆದ ಕಬ್ಬಿಣ ಕಲಬುರಗಿಯ ಈ ಒಣ ಬಿಸಿಲಿನಲ್ಲೂ ನೋಡನೋಡುತ್ತಲೇ ಮತ್ತೆ ಕೆಂಪಾಗುತ್ತದೆ. ಕೂಡಲೇ ಒರೆಸಿ, ಬಿಸಿಗಾಳಿಯಲ್ಲಿ ಒಣಗಿಸಿ, ಜಿಂಕ್ ಫಾಸ್ಫೇಟ್ ಪ್ರೈಮರ್ ಬಳಿದೆ.

ಸ್ಪ್ರಿಂಗ್‌ಗಳನ್ನು ಈ ಸೋಡಾ ನೀರಿನಲ್ಲಿ ಮುಳುಗಿಸಬೇಡಿ ಎಂದ ಹಿರಿಯರಿಗೆ ವಿಶೇಷ ಕೃತಜ್ಞತೆಗಳು: ಹೈಡ್ರೋಜನ್ ಹೀರಿದ ಗಡಸು ಉಕ್ಕು ಬಿರುಕು ಬಿಡಬಹುದು. ಅವನ್ನು ತಂತಿ ಬ್ರಷ್‌ನಿಂದಲೇ ಉಜ್ಜಿದೆ.