ಹೆಡ್ಜ್‌ಹಾಗ್ ಎಂದರೆ ಮುಳ್ಳುಹಂದಿಯೇ?

ಪ್ರಶ್ನೆ (ಮಡಿಕೇರಿ): ಪಿಯುಸಿ ಮಕ್ಕಳಿಗೆ ಝೀಬ್ರಾ ಮೀನಿನ ಭ್ರೂಣದ ಪಾಠ ಸಿದ್ಧವಾಗುತ್ತಿದೆ. ಅದರಲ್ಲಿ ಬರುವ ‘ಸೋನಿಕ್ ಹೆಡ್ಜ್‌ಹಾಗ್’ ಎಂಬ ವಂಶವಾಹಿಯನ್ನು ‘ಮುಳ್ಳುಹಂದಿ ವಂಶವಾಹಿ’ ಎನ್ನಬಹುದೇ? ‘ಸಿಗ್ನಲಿಂಗ್ ಜೀನ್’ಗೆ ‘ಸಂಕೇತ ವಂಶವಾಹಿ’ ಸರಿಯೇ?

ಉತ್ತರ (ವಿರಾಜಪೇಟೆ): ಮೇಡಂ, ‘ಮುಳ್ಳುಹಂದಿ’ ದಯವಿಟ್ಟು ಬೇಡ. ನಮ್ಮ ತೋಟಗಳಿಗೆ ರಾತ್ರಿ ನುಗ್ಗಿ ಗೆಡ್ಡೆ ಅಗೆಯುವ ಮುಳ್ಳುಹಂದಿ ಇಲಿಯ ಬಳಗದ್ದು, ಇಂಗ್ಲಿಷಿನಲ್ಲಿ ಪಾರ್ಕುಪೈನ್. ಹೆಡ್ಜ್‌ಹಾಗ್ ಬೇರೆಯೇ ಪ್ರಾಣಿ, ಹುಳುಹುಪ್ಪಟೆ ತಿನ್ನುವಂಥದ್ದು; ನಮ್ಮ ದೇಶದಲ್ಲಿ ಅದಿರುವುದು ಒಣ ಬಯಲುಗಳಲ್ಲಿ. ಇನ್ನೂ ದೊಡ್ಡ ತೊಡಕೆಂದರೆ ‘ಪಾರ್ಕುಪೈನ್’ ಹೆಸರಿನ ವಂಶವಾಹಿಯೂ ಇದೆ. ಅದರ ಪ್ರೋಟೀನಿನ ಕೆಲಸ ವಿಂಟ್ ಎಂಬ ಇನ್ನೊಂದು ಸಂಕೇತ ಪ್ರೋಟೀನಿಗೆ ಕೊಬ್ಬಿನ ಆಮ್ಲ ಅಂಟಿಸುವುದು. ಒಂದೇ ಪದ ಎರಡಕ್ಕೂ ಹೋದರೆ ಮಕ್ಕಳು ಈ ಎರಡು ಸಂಕೇತಗಳ ಹಾದಿಗಳನ್ನು ಕಲಸಿಬಿಡುತ್ತಾರೆ. ‘ಮುಳ್ಳಿಲಿ’ಯೂ ಒಪ್ಪದು: ಪಶ್ಚಿಮಘಟ್ಟದ ಮರಪೊಟರೆಗಳಲ್ಲಿ ಮೈಮೇಲೆ ಮುಳ್ಳುಗೂದಲಿನ ಇಲಿಯೇ ಇದೆ, ಕೊಡಗಿನ ಓದುಗರಿಗೆ ಅದೇ ನೆನಪಾದೀತು.

‘ಹೆಡ್ಜ್‌ಹಾಗ್’ ಹೆಸರು ಹುಟ್ಟಿದ್ದು ಹಣ್ಣುನೊಣದಿಂದ. ಈ ವಂಶವಾಹಿ ಕೆಟ್ಟಾಗ ಮರಿಹುಳುವಿನ ಮೈತುಂಬ ಮುಳ್ಳು ಒತ್ತಾಗಿ ಏಳುತ್ತವೆ. 1980ರಲ್ಲಿ ವಿಜ್ಞಾನಿಗಳಾದ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ವೀಶಾಸ್ ಅದನ್ನು ವಿವರಿಸಿದರು. ಅಂದರೆ ಹೆಸರು ಹೇಳುವುದು ಕೆಟ್ಟಾಗಿನ ರೂಪವನ್ನು, ಕೆಲಸವನ್ನಲ್ಲ. ಅನುವಾದಿಸಿದರೂ ಅರ್ಥವೇನೂ ಹೆಚ್ಚುವುದಿಲ್ಲ. ‘ಹೆಡ್ಜ್‌ಹಾಗ್’ ಎಂದೇ ಬರೆಯಿರಿ.

‘ಸಂಕೇತ ವಂಶವಾಹಿ’ಯಲ್ಲಿ ಸಣ್ಣ ತಪ್ಪಿದೆ. ಸಂಕೇತ ಕೊಡುವುದು ಪ್ರೋಟೀನ್. ವಂಶವಾಹಿ ಅದರ ಪಾಕಸೂತ್ರ. ರೋಮನ್ ಲಿಪಿಯಲ್ಲಿ ಝೀಬ್ರಾ ಮೀನಿನ ವಂಶವಾಹಿಯನ್ನು ಸಣ್ಣಕ್ಷರದ ಓರೆ ಅಚ್ಚಿನಲ್ಲೂ ಪ್ರೋಟೀನನ್ನು ದೊಡ್ಡಕ್ಷರದಿಂದ ಮೊದಲುಮಾಡಿಯೂ ಬೇರ್ಪಡಿಸುತ್ತಾರೆ. ಕನ್ನಡದಲ್ಲಿ ಆ ಸೌಕರ್ಯವಿಲ್ಲ, ಆದ್ದರಿಂದ ಪ್ರತಿ ಸಲವೂ ‘ವಂಶವಾಹಿ’ ಅಥವಾ ‘ಪ್ರೋಟೀನ್’ ಸೇರಿಸಲೇಬೇಕು.

ನೋಟೊಕಾರ್ಡನ್ನು ‘ಬೆನ್ನುಹುರಿ’ ಎನ್ನಬೇಡಿ. ಬೆನ್ನುಹುರಿ ನರಗಳದ್ದು, ನೋಟೊಕಾರ್ಡ್ ಅದರ ಕೆಳಗಿನ ದಂಡ, ಹೆಡ್ಜ್‌ಹಾಗ್ ಸಂಕೇತ ಹೊರಡುವುದು ಮುಖ್ಯವಾಗಿ ಅಲ್ಲಿಂದ. ನೋಟೊಕಾರ್ಡಿನ ಎರಡೂ ಪಕ್ಕ ಜೋಡಿಯಾಗಿ ಮೂಡಿ ಮುಂದೆ ಸ್ನಾಯು ಕೊಡುವ ತುಂಡುಗಳಾದ ‘ಸೋಮೈಟ್’ಗೆ ‘ದೇಹಖಂಡ’ ಚೆನ್ನಾಗಿದೆ. 28.5 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೊಟ್ಟೆ ಫಲಿತವಾದ ಸುಮಾರು 10 ಗಂಟೆಗೆ ಮೊದಲ ಜೋಡಿ, ಆಮೇಲೆ ಹೆಚ್ಚುಕಡಿಮೆ ಅರ್ಧ ಗಂಟೆಗೊಂದು ಜೋಡಿ ಮೂಡುತ್ತದೆ. ನೀರು ತಣ್ಣಗಾದರೆ ಲೆಕ್ಕ ಹಿಂದೆ ಬೀಳುತ್ತದೆ, ಹಾಗಾಗಿ ಗಂಟೆಯ ಜೊತೆ ಉಷ್ಣತೆಯನ್ನೂ ಬರೆಯಿರಿ.

‘ಹೆಡ್ಜ್‌ಹಾಗ್ ಸಂಕೇತವಿಲ್ಲದಿದ್ದರೆ ಸ್ನಾಯು ಬೆಳೆಯದು’ ಎಂಬ ವಾಕ್ಯ ಪಾಠದಲ್ಲಿ ನುಸುಳದಿರಲಿ. ಕಾಣೆಯಾಗುವುದು ನಿಧಾನವಾಗಿ ಕುಗ್ಗುವ, ಅಂದರೆ ನಿಧಾನಗತಿಯ ಸ್ನಾಯು, ವೇಗದ ಸ್ನಾಯು ಉಳಿಯುತ್ತದೆ. ಹೀಗೆ ಬರೆದು ನೋಡಿ: ‘ನೋಟೊಕಾರ್ಡ್ ಹೊರಬಿಡುವ ಸೋನಿಕ್ ಹೆಡ್ಜ್‌ಹಾಗ್ ಪ್ರೋಟೀನ್, ಪಕ್ಕದ ಜೀವಕೋಶಗಳು ನಿಧಾನಗತಿಯ ಸ್ನಾಯುವಾಗುವಂತೆ ಮಾಡುತ್ತದೆ. ಅದರ ವಂಶವಾಹಿ ಕೆಟ್ಟ ಭ್ರೂಣದಲ್ಲಿ ದೇಹಖಂಡಗಳು ಬಾಣದ ಮೊನೆಯಂತೆ ಚೂಪಾಗದೆ ಲಾಳದಂತೆ ದುಂಡಗಾಗುತ್ತವೆ.’