ಇಡ್ಲಿಯೂ ಬನ್ನೂ ಒಂದಾದ ಪ್ರಸಂಗ

ನಾವು ಐವರು ಸಂಜೆ ಐದಕ್ಕೆ ಸೇರುವ ಹೋಟೆಲಿಗೂ ಪಕ್ಕದ ಬೇಕರಿಗೂ ನಡುವೆ ಇದ್ದ ಗೋಡೆ ಕಳೆದ ವಾರ ಬಿದ್ದಿತು. ಚಿಕ್ಕಮಗಳೂರಿನಲ್ಲಿ ಪುನರ್ವಸು ಮಳೆಯ ಹೊತ್ತಿಗೆ ಗೋಡೆ ಬಿದ್ದರೆ ಯಾರೂ ಕಾರಣ ಕೇಳುವುದಿಲ್ಲ. ಆದರೆ ಇದನ್ನು ಬೀಳಿಸಿದವರು ಮಾಲೀಕರೇ. ಇಬ್ಬರ ಮಕ್ಕಳೂ ಬೆಂಗಳೂರಿನಲ್ಲಿ ಓದಿ ಬಂದು ಅಪ್ಪಂದಿರ ಅಂಗಡಿಗಳನ್ನು ಆಗಲೇ ಪ್ರೈವೇಟ್ ಲಿಮಿಟೆಡ್ ಮಾಡಿಟ್ಟಿದ್ದರು. ಈಗ ಎರಡನ್ನೂ ಸೇರಿಸಿ ಒಂದೇ ಕಂಪನಿ ಮಾಡುತ್ತಾರಂತೆ. ಗೋಡೆ ಇದ್ದ ಜಾಗದಲ್ಲಿ ಸದ್ಯಕ್ಕೆ ಗೇಣಗಲದ ಸಿಮೆಂಟಿನ ಪಟ್ಟಿ. ಆ ಕಡೆ ಮೊಸಾಯಿಕ್, ಈ ಕಡೆ ಕೆಂಪು ಕಾವಿ ನೆಲ. ನಮ್ಮ ಮೇಜು ಸರಿಯಾಗಿ ಗಡಿಯ ಮೇಲೆ ಕುಳಿತಿದೆ: ಎರಡು ಕಾಲು ಇಡ್ಲಿಯ ಸೀಮೆಯಲ್ಲಿ, ಎರಡು ಕಾಲು ಬನ್ನಿನ ಸೀಮೆಯಲ್ಲಿ.

"ಇದು ವಿಲೀನ" ಎಂದು ವಕೀಲರು ಘೋಷಿಸಿದರು. "ಮೂವತ್ತು ವರ್ಷದಿಂದ ಪಾಲು ವಿಭಾಗದ ದಾವೆ ನಡೆಸುತ್ತಿದ್ದೇನೆ. ತೋಟ ಒಡೆದದ್ದು, ಮನೆ ಒಡೆದದ್ದು, ಒಂದು ಹಿತ್ತಾಳೆ ಹಂಡೆಗಾಗಿ ಹೈಕೋರ್ಟಿಗೆ ಹೋದದ್ದು, ಎಲ್ಲವನ್ನೂ ಕಂಡಿದ್ದೇನೆ. ನಮ್ಮನ್ನು ಒಂದು ಮಾಡಿಕೊಡಿ ಎಂದು ಒಂದು ಸಂಸಾರವೂ ನನ್ನ ಮೆಟ್ಟಿಲು ಹತ್ತಲಿಲ್ಲ. ಆ ಬುದ್ಧಿ ಕಂಪನಿಗಳಿಗೆ ಮಾತ್ರ ಬರುತ್ತದೆ."

ಮ್ಯಾನೇಜರು ನಕ್ಕರು. ಅವರು ಮೈಸೂರು ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಿಂದ ನಿವೃತ್ತರಾದವರು. ನಡುವೆ ಅವರು ರಾಜೀನಾಮೆ ಕೊಡಲಿಲ್ಲ, ಕುರ್ಚಿಯನ್ನೂ ಬದಲಿಸಲಿಲ್ಲ. "1913ರಲ್ಲಿ ಮಹಾರಾಜರ ಕಾಲದಲ್ಲಿ ಹುಟ್ಟಿದ ಬ್ಯಾಂಕು. 2017ರ ಮಾರ್ಚ್ 31ರ ರಾತ್ರಿ ಮಲಗಿದೆ, ಏಪ್ರಿಲ್ 1ರ ಬೆಳಿಗ್ಗೆ ಎದ್ದರೆ ಅದೇ ಇಲ್ಲ. ದಿನಾಂಕ ನೋಡಿ ಯಾರೋ ತಮಾಷೆ ಮಾಡುತ್ತಿದ್ದಾರೆ ಎಂದುಕೊಳ್ಳಬೇಕು!" ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದೊಳಗೆ ಸೇರಿದ್ದು 2019ರ ಏಪ್ರಿಲ್ 1, ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನೊಳಗೆ ಸೇರಿದ್ದು 2020ರ ಏಪ್ರಿಲ್ 1. ಹಣಕಾಸು ವರ್ಷ ಅಂದು ಶುರುವಾಗುತ್ತದೆ, ಲೆಕ್ಕ ಒಪ್ಪಿಸುವುದು ಸುಲಭ. ಬೇರೆ ರಹಸ್ಯವೇನೂ ಇಲ್ಲ.

ಇಲ್ಲಿ ನನ್ನ ಸ್ವಾರ್ಥವನ್ನೂ ಹೇಳಿಬಿಡುತ್ತೇನೆ. ನಾನು ರಬ್ಬರ್ ಸ್ಟ್ಯಾಂಪ್ ಮತ್ತು ಬೋರ್ಡು ಮಾಡುವವನು. ಲೋಕಕ್ಕೆ ವಿಲೀನ ಎಂದರೆ ಏನೋ, ನನಗೆ ಮಾತ್ರ ಅದು ಸುಗ್ಗಿ. ನನ್ನ ಅಂಗಡಿಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ತುಂಬ ಕೆಟ್ಟುಹೋದ ಸ್ಟ್ಯಾಂಪುಗಳಿವೆ. ಅದರ ತಳದಲ್ಲಿ ಒಂದು "ಚಿಕ್ಕಮಗಳೂರು-ಕೊಡಗು ಗ್ರಮೀಣ ಬ್ಯಾಂಕ್". ದೀರ್ಘ ಬಿಟ್ಟುಹೋದದ್ದು ನನ್ನ ತಪ್ಪು, ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಅಕ್ಷರ ಓದುವಾಗ ಕಣ್ಣು ತಪ್ಪಿತು. ನೇರಳೆ ಶಾಯಿ ಒಣಗಿ ರಬ್ಬರು ಈಗ ಬಿರಿದಿದೆ. ಆ ಬ್ಯಾಂಕು 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. ಕಾವೇರಿಯು 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. 2025ರ ಮೇ 1ರಂದು ಅದೂ ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕೂ ಒಂದಾದವು. ಮತ್ತೊಂದು ಸುಗ್ಗಿ ಬಂತೆಂದು ರಬ್ಬರ್ ಹಾಳೆ ತರಿಸಿಟ್ಟೆ. ಹೊಸ ಬ್ಯಾಂಕಿಗೆ ಇಟ್ಟ ಹೆಸರು ಕರ್ನಾಟಕ ಗ್ರಾಮೀಣ ಬ್ಯಾಂಕ್! ಇಷ್ಟು ದೊಡ್ಡ ವಿಲೀನದಿಂದ ಚಿಕ್ಕಮಗಳೂರಿನಲ್ಲಿ ನಷ್ಟವಾದದ್ದು ನನ್ನೊಬ್ಬನಿಗೇ ಇರಬೇಕು.

"ನನಗೊಂದು ಅನುಮಾನ" ಎಂದರು ಮೇಷ್ಟರು. ಅವರ ಅನುಮಾನಗಳೆಲ್ಲ ಬಿಲ್ಲಿನ ಸುತ್ತಲೇ ಸುತ್ತುತ್ತವೆ. "ಹಳೆಯ ಕಂಪನಿ ಇಲ್ಲವಾದರೆ, ಅದರ ಬಾಕಿ ಪುಸ್ತಕವೂ ಇಲ್ಲವಾಗುತ್ತದೆ, ಅಲ್ಲವೇ?"

ಆ ಪುಸ್ತಕದಲ್ಲಿ ಮೇಷ್ಟರಿಗೆಂದೇ ಎರಡು ಪುಟ ಮೀಸಲಾಗಿರುವುದು ಎಲ್ಲರಿಗೂ ಗೊತ್ತು.

"ಆಸ್ತಿ, ಸಾಲ, ಕರಾರು, ಕೋರ್ಟಿನ ವ್ಯಾಜ್ಯ, ಬರಬೇಕಾದ ಬಾಕಿ, ಎಲ್ಲವೂ ಇದ್ದ ಹಾಗೆಯೇ ಹೊಸ ಕಂಪನಿಗೆ ಹೋಗುತ್ತವೆ" ಎಂದರು ವಕೀಲರು. "ಬೀಗ ಹಾಕಿ ಲೆಕ್ಕ ಮುಗಿಸುವುದು ಬೇರೆ, ವಿಲೀನ ಬೇರೆ. ಹಳೆಯ ಕಂಪನಿಯ ಹೆಸರಷ್ಟೇ ಅಳಿಯುತ್ತದೆ, ಅದರ ಋಣ ಉಳಿಯುತ್ತದೆ. ಅದಕ್ಕೇ 2013ರ ಕಂಪನಿ ಕಾಯ್ದೆ ಇಷ್ಟೊಂದು ಒಪ್ಪಿಗೆ ಕೇಳುತ್ತದೆ. ದೊಡ್ಡವರು ಕಂಪನಿ ಕಾನೂನು ನ್ಯಾಯಮಂಡಳಿಗೆ ಹೋಗಬೇಕು. ಇವರಂಥ ಸಣ್ಣ ಕಂಪನಿಗಳಿಗೆ 233ನೇ ಕಲಮಿನಲ್ಲಿ ಒಳದಾರಿ ಇದೆ. ಆದರೆ ಶೇಕಡಾ 90ರಷ್ಟು ಷೇರು ಉಳ್ಳವರು ಒಪ್ಪಬೇಕು, ಮೌಲ್ಯದಲ್ಲಿ ಹತ್ತಕ್ಕೆ ಒಂಬತ್ತು ಪಾಲು ಸಾಲಿಗರೂ ಒಪ್ಪಬೇಕು."

ಮೇಷ್ಟರು ಶಾಲಿನ ಅಂಚು ಸರಿಮಾಡಿಕೊಂಡರು. "ಹಾಗಾದರೆ ನನ್ನ ಒಪ್ಪಿಗೆಯೂ ಬೇಕಾಗುತ್ತದೆ."

"ಇವರು ಯಾರಿಗೆ ಕೊಡಬೇಕೋ ಅವರ ಒಪ್ಪಿಗೆ ಬೇಕು ಮೇಷ್ಟರೇ, ಇವರಿಗೆ ಯಾರು ಕೊಡಬೇಕೋ ಅವರದ್ದಲ್ಲ."

ಮೇಷ್ಟರು ಬನ್ನನ್ನು ಕಾಫಿಯಲ್ಲಿ ಅದ್ದಿ ಸುಮ್ಮನಾದರು.

ಅಷ್ಟು ಹೊತ್ತು ಮಾತಾಡದೆ ಲೋಟ ತಿರುಗಿಸುತ್ತಿದ್ದವರು ಕಾಫಿ ತೋಟದ ಲೆಕ್ಕ ಬರೆಯುವ ರೈಟರ್. ಅವರು ಬಾಯಿ ತೆರೆದರೆ ಕಾಫಿಯಿಂದಲೇ ಶುರು. "ಕಾಫಿಗೆ ಚಿಕೋರಿ ಬೆರೆಸುತ್ತಾರೆ. ಆದರೂ ಪುಡಿಯಲ್ಲಿ ಕಾಫಿ ಶೇಕಡಾ 51ಕ್ಕಿಂತ ಕಡಿಮೆ ಇರಬಾರದು ಎಂದು ಕಾನೂನಿದೆ. ಕಂಪನಿಯಲ್ಲಿಯೂ 51 ಇದ್ದವನದೇ ಯಜಮಾನಿಕೆ. ಸಮಾನರ ವಿಲೀನ ಎನ್ನುತ್ತಾರಲ್ಲ, ಪುಡಿಯಲ್ಲೇ ಇಲ್ಲದ ಸಮಪಾಲು ಕಂಪನಿಯಲ್ಲಿ ಎಲ್ಲಿಂದ ಬರಬೇಕು? ಇಬ್ಬರಲ್ಲಿ ಒಬ್ಬ ಕಾಫಿ, ಒಬ್ಬ ಚಿಕೋರಿ. ಮೊದಲೇ ಕೇಳಿಕೊಂಡರೆ ಒಳ್ಳೆಯದು."

"ಜರ್ಮನಿಯ ಡೈಮ್ಲರ್, ಅಮೆರಿಕದ ಕ್ರೈಸ್ಲರ್ 1998ರಲ್ಲಿ ಸಮಾನರೆಂದೇ ಸೇರಿದವು" ಎಂದು ಮ್ಯಾನೇಜರು ಒತ್ತು ಕೊಟ್ಟರು. "2007ರಲ್ಲಿ ಡೈಮ್ಲರ್ ಕ್ರೈಸ್ಲರಿನ ಬಹುಪಾಲನ್ನು ಮಾರಿಬಿಟ್ಟಿತು. ಯಾರು ಚಿಕೋರಿ ಎಂಬುದು ಷೇರು ವಿನಿಮಯದ ಲೆಕ್ಕದಲ್ಲಿ ಮೊದಲೇ ಬರೆದಿರುತ್ತದೆ. ವಿಜಯಾ ಬ್ಯಾಂಕಿನ 1000 ಷೇರಿಗೆ ಬರೋಡಾ ಕೊಟ್ಟದ್ದು 402. ಅದರ ಜೊತೆಯಲ್ಲೇ ಸೇರಿದ ದೇನಾ ಬ್ಯಾಂಕಿನ 1000ಕ್ಕೆ ಕೊಟ್ಟದ್ದು 110. ನಮ್ಮ ಮೈಸೂರು ಬ್ಯಾಂಕಿನ 10 ಷೇರಿಗೆ ಮಾತ್ರ 22 ಬಂತು." ಕೊನೆಯ ಮಾತಿಗೆ ಅವರ ಬೆನ್ನು ಸ್ವಲ್ಪ ನೆಟ್ಟಗಾಯಿತು. ಒಂದಕ್ಕೆ ಎರಡು ಬಂದ ಮಾತ್ರಕ್ಕೆ ಚಿಕೋರಿ ಕಾಫಿಯಾಗುವುದಿಲ್ಲ. ಪ್ರತಿ ಷೇರಿನ ಬೆಲೆಯ ಲೆಕ್ಕ ಅದು. ಆದರೆ ನಿವೃತ್ತರ ಬೆನ್ನನ್ನು ಯಾರು ಬಗ್ಗಿಸುತ್ತಾರೆ?

ನಮ್ಮ ಮಾಲೀಕರ ತೊಡಕೂ ಅಲ್ಲೇ ಇದೆ. ಬೇಕರಿಯವರು ತಮ್ಮ ಓವನ್ನಿನ ಬೆಲೆ ಹೇಳುತ್ತಾರೆ. ಹೋಟೆಲಿನವರು ಗಿರಾಕಿಗಳ ಬೆಲೆ ಹೇಳುತ್ತಾರೆ, ಅಂದರೆ ನಮ್ಮ ಬೆಲೆ. ಮೇಷ್ಟರನ್ನು ಯಾವ ಬೆಲೆಗೆ ಹಿಡಿದಿದ್ದಾರೆಂದು ತಿಳಿಯುವ ಆಸೆ ನನಗೆ. ಬೋರ್ಡಿನ ಕೆಲಸವನ್ನು ನನಗೇ ಒಪ್ಪಿಸಿದ್ದಾರೆ, ಆದರೆ ಯಾರ ಹೆಸರು ಮೊದಲು ಎಂಬುದು ತೀರ್ಮಾನವಾಗಿಲ್ಲ. ಹತ್ತು ಅಡಿ ತಗಡಿಗೆ ಪ್ರೈಮರ್ ಬಳಿದು ಅಂಗಡಿಯ ಗೋಡೆಗೆ ಒರಗಿಸಿಟ್ಟಿದ್ದೇನೆ.

"ಇರುವ ಒಂದೇ ಬೇಕರಿ ಹೋಟೆಲಿನೊಳಗೆ ಸೇರಿದರೆ ಬನ್ನಿನ ಬೆಲೆ ಏರಿಸುತ್ತಾರೆ" ಎಂದು ಮೇಷ್ಟರು ಮತ್ತೆ ಚಿಗುರಿದರು. "ಕೇಳುವವರು ಯಾರು?"

"ಸ್ಪರ್ಧಾ ಆಯೋಗವಿದೆ. 2024ರ ಸೆಪ್ಟೆಂಬರ್‌ನಿಂದ 2000 ಕೋಟಿ ರೂಪಾಯಿ ಮೀರಿದ ವ್ಯವಹಾರಗಳನ್ನೂ ನೋಡುತ್ತದೆ" ಎಂದರು ವಕೀಲರು. "ನಿಮ್ಮ ಬಾಕಿ ಅಷ್ಟಾದ ಕೂಡಲೇ ತಿಳಿಸಿ, ಅರ್ಜಿ ಹಾಕೋಣ."

ಹುಡುಗ ಬಂದು ಎರಡು ಬಿಲ್ಲು ಇಟ್ಟ. ಕಾಫಿಯದು ಒಂದು, ಬನ್ನಿನದು ಒಂದು, ಜಿಎಸ್‌ಟಿ ನಂಬರೂ ಬೇರೆ ಬೇರೆ.

"ಒಂದಾದಿರಲ್ಲಪ್ಪ, ಎರಡು ಬಿಲ್ಲು ಏಕೆ?" ಎಂದು ಮ್ಯಾನೇಜರು ಕೇಳಿದರು.

"ವಿಲೀನದ ಆರ್ಡರ್ ಇನ್ನೂ ಬಂದಿಲ್ಲ ಸಾರ್. ಗೋಡೆ ಮಾತ್ರ ಒಡೆದಿದ್ದಾರೆ."

ಮೇಷ್ಟರ ಬಾಕಿ ಇರುವುದು ಹೋಟೆಲಿನ ಪುಸ್ತಕದಲ್ಲಿ. ಅವರು ಎದ್ದು, ಕುರ್ಚಿಯನ್ನು ಸದ್ದಾಗದಂತೆ ಸಿಮೆಂಟಿನ ಪಟ್ಟಿ ದಾಟಿಸಿ, ಬೇಕರಿಯ ಮೊಸಾಯಿಕ್ ಮೇಲೆ ಇಟ್ಟುಕೊಂಡು ಕುಳಿತರು.