ಸಿ.ಡಿ. ಇದೆ, ತೂರಿಸಲು ಜಾಗವಿಲ್ಲ

ತುಂಗಾತೀರದವಳು: ಶಿವಮೊಗ್ಗದ ಕಾಲೇಜೊಂದರ ಗ್ರಂಥಾಲಯದಲ್ಲಿ 2004ರ ಎಂ.ಫಿಲ್. ಪ್ರಬಂಧ ಕೇಳಿದೆ. ಅಚ್ಚಿನ ಪ್ರತಿ ಗೋದಾಮಿಗೆ ಹೋಗಿದೆ, ಸಿ.ಡಿ. ಮಾತ್ರ ಇದೆ ಎಂದರು. ಅದರ ಮೇಲೆ ಬೂಷ್ಟಿನ ಚುಕ್ಕೆಗಳು. ಸೆರಗಿನಲ್ಲಿ ಒರೆಸಿಕೊಂಡೆ. ಅಲ್ಲಿನ ಒಂದು ಕಂಪ್ಯೂಟರಿಗೂ ಸಿ.ಡಿ. ಹಾಕುವ ಬಾಯಿಯೇ ಇಲ್ಲ! ಇದಕ್ಕೆ ಡಿಜಿಟಲ್ ಸಂರಕ್ಷಣೆ ಎಂದು ಹೆಸರು.

ನಿವೃತ್ತ ಗ್ರಂಥಪಾಲಕ: ಗೋದಾಮು ಎನ್ನಬೇಡಮ್ಮ, ಅದು ಸಂಗ್ರಹ ಕೊಠಡಿ. ನಮ್ಮ ಮಳೆಗಾಲದ ಥಂಡಿಯಲ್ಲಿ ಕಾಗದ ಉಳಿಸುವ ಕಷ್ಟ ಉಳಿಸಿದವರಿಗೇ ಗೊತ್ತು. 2009ರ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದ ನಂತರ ಪಿಎಚ್.ಡಿ. ಪ್ರಬಂಧಗಳು ಶೋಧಗಂಗಾ ಎಂಬ ಅಂತರಜಾಲ ಭಂಡಾರದಲ್ಲಿ ಸಿಗುತ್ತವೆ. ಮನೆಯಲ್ಲೇ ಕುಳಿತು ಓದಬಹುದು.

ತುಂಗಾತೀರದವಳು: ನಾನು ಕೇಳಿದ್ದು ಎಂ.ಫಿಲ್., ಅದೂ 2004ರದು.

ಸಾಗರದ ಸಂಶೋಧಕ: "ಮನೆಯಲ್ಲೇ ಕುಳಿತು" ಅಂತೆ! ನಮ್ಮ ಮನೆಯಲ್ಲಿ ಸಿಗ್ನಲ್ ಬರುವುದು ಅಡಿಕೆ ಅಂಗಳದ ಮೂಲೆಯಲ್ಲಿ ಮಾತ್ರ. ಇಳಿಸಿಕೊಂಡ ಕನ್ನಡ ಪ್ರಬಂಧದಲ್ಲಿ "ಕೆಳದಿ" ಎಂದು ಹುಡುಕಿದೆ. ಸೊನ್ನೆ. ಪುಟಪುಟದಲ್ಲೂ ಕೆಳದಿಯೇ ಇದೆ! ಎಲ್ಲವೂ ನುಡಿ ಎಂಬ ಕನ್ನಡ ಬರವಣಿಗೆ ತಂತ್ರಾಂಶದ ಹಳೆಯ ಫಾಂಟಿನ ಕೃಪೆ.

ಕನ್ನಡ ಕಟ್ಟಾಳು: ನುಡಿಯನ್ನು ದೂರುವವರಿಗೆ ನಾಚಿಕೆಯಾಗಬೇಕು. ಕನ್ನಡ ಗಣಕ ಪರಿಷತ್ತು ಅದನ್ನು ಕೊಡದಿದ್ದರೆ ನಿಮ್ಮ ಪ್ರಬಂಧ ಕಂಪ್ಯೂಟರಿನಲ್ಲೇ ಇರುತ್ತಿರಲಿಲ್ಲ. ನುಡಿಯಲ್ಲಿ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಬಂದು ಎಷ್ಟೋ ಕಾಲವಾಯಿತು. ನಿಮ್ಮದು ಸ್ಕ್ಯಾನ್ ಮಾಡಿದ ಚಿತ್ರವಿರಬೇಕು.

ಸಾಗರದ ಸಂಶೋಧಕ: ಚಿತ್ರವಲ್ಲ ಮಾರಾಯರೇ. ನಕಲು ಮಾಡಿ ಅಂಟಿಸಿದರೆ ರೋಮನ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ್ದರ ಫಲ ಅದು.

ಕನ್ನಡ ಕಟ್ಟಾಳು: "ಕಲಸುಮೇಲೋಗರ"! ಹಳೆಯ ಫಾಂಟನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕ ಬಳಸಲು ಬಾರದವರ ಮಾತು.

ಸಾಗರದ ಸಂಶೋಧಕ: ಬಳಸಿ ನೋಡಿದೆ. "ಸೂರ್ಯ" ಹೋಗಿ "ಸೂಯ೯" ಆಯಿತು. ಅರ್ಕಾವತ್ತಿನ ಜಾಗದಲ್ಲಿ ಒಂಬತ್ತು! ಮುನ್ನೂರು ಪುಟಗಳ ಒಂಬತ್ತುಗಳನ್ನು ನೀವು ಬಂದು ತಿದ್ದುತ್ತೀರಾ?

ಕನ್ನಡ ಕಟ್ಟಾಳು: ಅದು ನಿಮ್ಮ ಬೆರಳಚ್ಚುಗಾರ ಒಂಬತ್ತು ಒತ್ತಿದ ತಪ್ಪು. ನುಡಿಯದಲ್ಲ.

ಭದ್ರಾವತಿಯ ಓದುಗ: ಜಗಳ ಚೆನ್ನಾಗಿದೆ. ವಾಚನಾಲಯ ಸಂಜೆ ಐದಕ್ಕೇ ಬಾಗಿಲು ಹಾಕುವುದರ ಬಗ್ಗೆಯೂ ಯಾರಾದರೂ ಮಾತನಾಡಿ. ಓದುಗನ ಸಮಯ ಉಳಿಸಿ ಎಂದು ಗ್ರಂಥಾಲಯ ವಿಜ್ಞಾನದ ರಂಗನಾಥನ್ ತಮ್ಮ ಐದು ಸೂತ್ರಗಳಲ್ಲಿ 1931ರಲ್ಲೇ ಬರೆದರು.

ನಿವೃತ್ತ ಗ್ರಂಥಪಾಲಕ: ನಾಲ್ಕನೆಯ ಸೂತ್ರ ಹೇಳುವವರು ಐದನೆಯದನ್ನೂ ಹೇಳಬೇಕು: ಗ್ರಂಥಾಲಯ ಬೆಳೆಯುವ ಜೀವಿ. ಬೆಳೆಯುವ ಜೀವಿಗೆ ಅನ್ನ ಬೇಕು. ಅನುದಾನ ಕೇಳಲು ಯಾರಾದರೂ ಬಂದಿದ್ದೀರಾ?

ಭದ್ರಾವತಿಯ ಓದುಗ: ಬಾಗಿಲು ತೆರೆದಿಡಲು ಯಾವ ಅನುದಾನ ಬೇಕು ಸ್ವಾಮಿ?

ನಿವೃತ್ತ ಗ್ರಂಥಪಾಲಕ: ಸಿಬ್ಬಂದಿಗೆ ಸಂಬಳ. ಮೂವರ ಕೆಲಸ ಒಬ್ಬಳೇ ಮಾಡುತ್ತಿದ್ದರೆ ಐದು ಗಂಟೆಗೂ ಬಾಗಿಲು ತೆರೆದಿರುವುದೇ ಹೆಚ್ಚು. ಸಿ.ಡಿ.ಯಲ್ಲಿದ್ದುದನ್ನು ಕಾಲಕಾಲಕ್ಕೆ ಹೊಸ ಡಿಸ್ಕಿಗೆ ಇಳಿಸಬೇಕಿತ್ತು, ಅದೊಂದು ನಿಜ. ಆದರೆ ಅದು ನನ್ನ ಕಾಲದ ನಂತರದ ವಿಷಯ.

ತುಂಗಾತೀರದವಳು: ನಿಮ್ಮ ಕಾಲ ಯಾವ ವರ್ಷಕ್ಕೆ ಮುಗಿಯಿತು ಸರ್?

ಕನ್ನಡ ಕಟ್ಟಾಳು: ವಿಷಯ ಬದಲಿಸಬೇಡಿ. ಸಾಗರದವರು ನುಡಿಯ ಕ್ಷಮೆ ಕೇಳಬೇಕು.

ಸಾಗರದ ಸಂಶೋಧಕ: ಕೇಳುತ್ತೇನೆ, "ಕೆಳದಿ" ಸಿಕ್ಕ ದಿನ.

ತುಂಗಾತೀರದವಳು: ಯಾರ ಬಳಿಯಾದರೂ ಸಿ.ಡಿ. ಓದುವ ಹಳೆಯ ಲ್ಯಾಪ್‌ಟಾಪ್ ಇದೆಯೇ? ಸಿ.ಡಿ.ಯನ್ನು ಸೋಮವಾರದೊಳಗೆ ಗ್ರಂಥಾಲಯಕ್ಕೆ ಹಿಂದಿರುಗಿಸಬೇಕು.